ಕೊಟ್ಟವರು, ಕೊಂಡವರು

ಅವರಿಗೆ ಫೈಲಮ್ಮ ಎಂಬ ಹೆಸರನ್ನು ಯಾರು ಇಟ್ಟರೋ ತಿಳಿಯದು. ನಾನು ಅವರ ಪಕ್ಕದ ಮನೆಗೆ ಬಾಡಿಗೆಗೆ ಬಂದಾಗಲೇ ಆ ಹೆಸರು ಹಳೆಯದಾಗಿತ್ತು. ತರಕಾರಿಯವಳಿಂದ ಹಿಡಿದು ಬಸ್ಸಿನ ಕಂಡಕ್ಟರ್‌ವರೆಗೆ ಎಲ್ಲರೂ ಹಾಗೇ ಕರೆಯುತ್ತಿದ್ದರು. ಯಾರಾದರೂ ಬಾಗಿಲು ತಟ್ಟಿದರೆ ಅವರ ಗಂಡನೂ ಒಳಗೆ ತಿರುಗಿ, "ಫೈಲಮ್ಮನೋರೇ, ನಿಮ್ಮನ್ನ ಕೇಳ್ಕೊಂಡು ಯಾರೋ ಬಂದಿದಾರೆ" ಎನ್ನುತ್ತಿದ್ದರು.

ಮೂವತ್ತೊಂದು ವರ್ಷ ಅವರು ಕೆಲಸ ಮಾಡಿದ್ದು ಒಂದೇ ಕಡೆ. ಮನೆ ಮಾರುವವರಿಗೂ ಕೊಳ್ಳುವವರಿಗೂ ಪತ್ರ ಬರೆದುಕೊಡುವ ಆಫೀಸು ಅದು. ಮೂರನೇ ಮಹಡಿ, ಲಿಫ್ಟ್ ಇಲ್ಲ, ಐವತ್ತೆಂಟು ಮೆಟ್ಟಿಲು. "ಮೊದಲನೇ ಇಪ್ಪತ್ತು ಮೊಣಕಾಲಿಗೆ, ಎರಡನೇ ಇಪ್ಪತ್ತು ಸೊಂಟಕ್ಕೆ, ಉಳಿದ ಹದಿನೆಂಟು ದೇವರಿಗೆ" ಎಂದು ಅವರು ಲೆಕ್ಕ ಹೇಳುತ್ತಿದ್ದರು. ಸಂಜೆ ಮನೆಗೆ ಬಂದರೆ ಬಾಗಿಲ ಹತ್ತಿರದ ಬೆತ್ತದ ಸ್ಟೂಲಿನ ಮೇಲೆ ಚಪ್ಪಲಿಯನ್ನೂ ಬಿಚ್ಚದೆ ಹತ್ತು ನಿಮಿಷ ಕೂರುವರು. ಆ ಹತ್ತು ನಿಮಿಷ ಯಾರೂ ಮಾತಾಡಿಸಬಾರದು. ಆಮೇಲೆ ಅವರೇ ಗೋಡೆಯಾಚೆಯಿಂದ ನನ್ನನ್ನು ಕರೆಯುವರು, ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಅಂದಿನದನ್ನೆಲ್ಲ ಹೇಳುವರು. ನಾನು ಕೇಳುತ್ತಿದ್ದೆ. ಯಾರ ಹೆಸರನ್ನೂ ಅವರು ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ.

ಪತ್ರ ಬರೆಯುವುದು ಅವರ ಕೆಲಸವಲ್ಲ. ಅದಕ್ಕೆ ಸಾಹೇಬರಿದ್ದರು. ರಿಜಿಸ್ಟ್ರಿ ಆಗಿ, ಬೀಗದ ಕೈ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿ, ಎಲ್ಲರೂ ಉಸಿರುಬಿಟ್ಟು ಮನೆಗೆ ಹೋದ ಮೇಲೆ ಫೈಲಮ್ಮನ ಕೆಲಸ ಶುರುವಾಗುತ್ತಿತ್ತು. ಆ ಮನೆಯ ಸಮಸ್ತ ಕಾಗದಗಳನ್ನೂ ಒಟ್ಟುಮಾಡಿ, ತೂತು ಹೊಡೆದು, ದಾರ ಕಟ್ಟಿ, ಕೊನೆಗೊಂದು ಉದ್ದನೆಯ ಹಾಳೆ ಸಿದ್ಧಮಾಡಬೇಕು. ಆಫೀಸಿನಲ್ಲಿ ಅದಕ್ಕೆ ಕೊನೆ ಹಾಳೆ ಎನ್ನುತ್ತಿದ್ದರು. ಎಡಗಡೆ ಮಾರಿದವರ ಲೆಕ್ಕ: ಎಷ್ಟು ಬಂತು, ಅದರಲ್ಲಿ ಯಾವ ಸಾಲ ತೀರಿತು, ಯಾವ ಬಾಕಿ ಹೋಯಿತು. ಬಲಗಡೆ ಕೊಂಡವರದು: ಎಷ್ಟು ಕೊಟ್ಟರು, ಎಲ್ಲಿಂದ ತಂದು ಕೊಟ್ಟರು. ವರ್ಷಕ್ಕೊಮ್ಮೆ ಆದಾಯ ತೆರಿಗೆ ಕಟ್ಟುವಾಗ ಇಬ್ಬರೂ ತಮ್ಮ ತಮ್ಮ ಅರ್ಧವನ್ನು ತೋರಿಸಬೇಕು. ಮೊದಲೇ ಕೊಟ್ಟರೆ ಅಷ್ಟರಲ್ಲಿ ಕಳೆದುಕೊಳ್ಳುತ್ತಾರೆಂದು ಅದನ್ನು ಆಫೀಸಿನಲ್ಲೇ ಇಟ್ಟುಕೊಂಡು, ತೆರಿಗೆಯ ತಿಂಗಳಲ್ಲಿ ಹಂಚುವ ರೂಢಿ.

ಹಾಳೆಯನ್ನು ಎರಡು ಮಾಡುವುದಕ್ಕೆ ಅವರು ಕತ್ತರಿ ಮುಟ್ಟುತ್ತಿರಲಿಲ್ಲ. ನಡುವೆ ಸ್ಟೀಲಿನ ಅಡಿಪಟ್ಟಿ ಇಟ್ಟು, ಎಡಗೈಯಿಂದ ಒತ್ತಿಹಿಡಿದು, ಬಲಗೈಯಿಂದ ಒಂದೇ ಸೆಳೆತಕ್ಕೆ ಹರಿಯುತ್ತಿದ್ದರು. ಹರಿದ ಅಂಚು ಅದರ ಜೋಡಿಗೆ ಬಿಟ್ಟು ಬೇರೆ ಯಾವುದಕ್ಕೂ ಕೂರುವುದಿಲ್ಲ. ನಾಳೆ ಯಾರಾದರೂ ತಗಾದೆ ತೆಗೆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಆಫೀಸಿನ ಹಿಂದಿನ ದೊಡ್ಡ ಗುಮಾಸ್ತರು ಅವರಿಗೆ ಕಲಿಸಿದ್ದು ಅದು. ಇನ್ನೊಂದನ್ನೂ ಕಲಿಸಿದ್ದರು: ಒಬ್ಬರ ಅರ್ಧವನ್ನು ಇನ್ನೊಬ್ಬರಿಗೆ ತೋರಿಸಬಾರದು. ತೋರಿಸಬೇಕೆಂದರೆ ಆ ಅರ್ಧ ಯಾರದೋ ಅವರ ಸಹಿ ಬೇಕು.

ತೆರಿಗೆಯ ತಿಂಗಳು ಬಂತೆಂದರೆ ಇದಕ್ಕೇ ಜಗಳ. "ನಂದು ಕಳೆದುಹೋಯ್ತಮ್ಮ, ಅವರದ್ದೇ ಒಂದು ಕಾಪಿ ಕೊಡಿ, ಎರಡೂ ಒಂದೇ ಮನೇದಲ್ವಾ" ಎಂದು ಒಬ್ಬರು. "ಮಾರಿದವನು ಎಷ್ಟು ಉಳಿಸ್ಕೊಂಡ ಅಂತ ಸುಮ್ನೆ ನೋಡ್ತೀನಿ, ಓದಲ್ಲ" ಎಂದು ಇನ್ನೊಬ್ಬರು. ಸಾಹೇಬರ ಮಗ, ಚಿಕ್ಕ ಸಾಹೇಬ, ಇದಕ್ಕೆಲ್ಲ ಒಂದೇ ಮದ್ದು ಹೇಳುತ್ತಿದ್ದ. "ಇಡೀ ಹಾಳೇನೇ ಫೋಟೋ ಹೊಡೆದು ಇಬ್ಬರ ಫೋನಿಗೂ ಕಳಿಸಿಬಿಡಿ ಆಂಟಿ. ಹರಿಯೋದು, ಅಂಟಿಸೋದು, ಯಾವ ಕಾಲದಲ್ಲಿದೀರಿ?"

"ನನ್ನ ಕಾಲದಲ್ಲೇ ಇದೀನಪ್ಪ. ಇನ್ನು ಎಂಟು ತಿಂಗಳು ಇರ್ತೀನಿ, ಆಮೇಲೆ ನೀನು ಡಂಗುರ ಹೊಡೆಸು" ಎನ್ನುತ್ತಿದ್ದರು ಫೈಲಮ್ಮ.

ಕವರಿನ ಮೇಲೆ ಫೈಲಿನ ನಂಬರು ಬರೆದು, ಕೆಳಗೆ ಒಂದೇ ಪದ. ಮಾರಿದವರು ಎಂದು ಬರೆಯುವಂತಿರಲಿಲ್ಲ. ಅದೂ ದೊಡ್ಡ ಗುಮಾಸ್ತರ ಕಾಲದ್ದೇ. ಮನೆ ಮಾರಿಕೊಂಡವರು ಎಂದರೆ ನಮ್ಮ ಮಾತಿನಲ್ಲಿ ಕೆಟ್ಟುಹೋದವರು ಎಂದೇ ಕೇಳಿಸುತ್ತದೆ. ಪೋಸ್ಟಿನವರು ಓದುತ್ತಾರೆ, ಪಕ್ಕದ ಮನೆಯವರು ಓದುತ್ತಾರೆ, ಯಾಕೆ ಬೇಕು? ಆದ್ದರಿಂದ ಒಂದರ ಮೇಲೆ ಕೊಟ್ಟವರು, ಇನ್ನೊಂದರ ಮೇಲೆ ಕೊಂಡವರು. ಒಳ್ಳೆಯ ಮನಸ್ಸಿನಿಂದ ಆರಿಸಿದ ಮಾತು. ನಡುವಿನ ಒಂದಕ್ಷರ ಬಿಟ್ಟರೆ ಎರಡೂ ಒಂದೇ ಎಂಬುದು ಮೂವತ್ತೊಂದು ವರ್ಷ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಆ ವರ್ಷ ಫೈಲಮ್ಮನ ಎಡಗಣ್ಣಿಗೆ ಪೊರೆ ಬಂದಿತ್ತು. ಡಾಕ್ಟರು ಆಪರೇಷನ್ನಿಗೆ ದಿನ ಗೊತ್ತುಮಾಡಿದ್ದರು. ತೆರಿಗೆಯ ತಿಂಗಳು ಕಳೆಯಲಿ ಎಂದು ಇವರೇ ಮುಂದೂಡಿದ್ದರು.

ಅಕ್ಕ ತಂಗಿಯರ ಫೈಲು ಬಂದದ್ದು ಅದೇ ವರ್ಷ.

ಅವರಿಬ್ಬರ ಅಪ್ಪ ಪುಸ್ತಕಕ್ಕೆ ಬೈಂಡ್ ಹಾಕುವವರಾಗಿದ್ದರು. ತೀರಿಕೊಳ್ಳುವಾಗ ಒಂದು ಮನೆ ಬಿಟ್ಟುಹೋಗಿದ್ದರು, ಮಹಡಿ ಅಕ್ಕನಿಗೆ, ಕೆಳಮನೆ ತಂಗಿಗೆ. ಅಕ್ಕನಿಗೆ ಮದುವೆಯಿಲ್ಲ, ಅಪ್ಪ ಕೆಲಸ ಮಾಡುತ್ತಿದ್ದ ಬೈಂಡಿಂಗ್ ಅಂಗಡಿಯಲ್ಲೇ ಅದೇ ಮಣೆಯ ಮುಂದೆ ಕೂತು ದುಡಿಯುವವಳು. ತಂಗಿ ಕನ್ನಡಕದ ಅಂಗಡಿಯಲ್ಲಿ ಬಂದವರ ಕಣ್ಣು ಅಳೆಯುವ ಕೆಲಸದಲ್ಲಿದ್ದಳು, ಗಂಡನೊಂದಿಗೆ ಕೆಳಗಿದ್ದಳು. ಅಕ್ಕನಿಗೆ ಮೆಟ್ಟಿಲು ಹತ್ತುವುದು ಕಷ್ಟವಾಗುತ್ತ ಬಂದು, ಮಹಡಿಯನ್ನು ತಂಗಿಗೇ ಮಾರಿ ಬೇರೆ ಮನೆಗೆ ಹೋಗುವುದೆಂದು ಮಾತಾಯಿತು. ತಂಗಿ ಸ್ವಲ್ಪ ಬಿಟ್ಟುಕೊಡು ಅಂದಳು. ಅಕ್ಕ ಮೊದಲು ಹೂಂ ಅಂದವಳು ಆಮೇಲೆ ಇಲ್ಲ ಅಂದಳು. ಯಾಕೆ ಎಂದು ಹೇಳಲಿಲ್ಲ. "ಸ್ವಂತ ತಂಗಿಗೆ ಒಂದು ಕಾಸೂ ಬಿಡಲಿಲ್ಲ" ಎಂದು ತಂಗಿ ನಾಲ್ಕು ಜನರ ಮುಂದೆ ಅಂದಳು. ಅಲ್ಲಿಗೆ ಮಾತು ನಿಂತಿತು. ಸಹಿ ಹಾಕುವ ದಿನ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು. ಒಬ್ಬರು ಎದ್ದರೆ ಇನ್ನೊಬ್ಬರು ಬೀಳುವ ಹಾಗೆ, ಎಂದಿದ್ದರು ಫೈಲಮ್ಮ.

ಯಾಕೆ ಎಂಬುದು ಫೈಲಮ್ಮನಿಗೆ ಗೊತ್ತಿತ್ತು. ಕಾಗದ ಒಟ್ಟುಮಾಡುವಾಗ ಮನೆ ತೆರಿಗೆಯ ಕಚೇರಿಯಿಂದ ಒಂದು ಪಟ್ಟಿ ತರಿಸಬೇಕು. ತರಿಸಿ ನೋಡಿದರೆ ಏಳು ವರ್ಷದ ಖಾನೆ ಖಾಲಿ. ಇಡೀ ಮನೆಗೆ ಒಂದೇ ತೆರಿಗೆ. ಅಕ್ಕ ವರ್ಷವರ್ಷವೂ ತನ್ನ ಪಾಲನ್ನು ತಂಗಿಯ ಕೈಗೆ ಕೊಟ್ಟಿದ್ದಳು, ತಂಗಿ ತನ್ನದನ್ನೂ ಸೇರಿಸಿ ಗಂಡನ ಕೈಗೆ ಕೊಟ್ಟಿದ್ದಳು. ಗಂಡ ಏಳು ವರ್ಷ ಹೊಸ ಶರ್ಟು ಹಾಕಿಕೊಂಡು ತೆರಿಗೆ ಕಟ್ಟಿಬರುತ್ತೇನೆಂದು ಹೋಗಿ ಬಂದಿದ್ದ.

ಫೈಲಮ್ಮ ಅಕ್ಕನನ್ನು ಒಬ್ಬಳನ್ನೇ ಕರೆಸಿ ಪಟ್ಟಿಯನ್ನು ಮುಂದಿಟ್ಟಿದ್ದರು. ಅಕ್ಕ ಬಹಳ ಹೊತ್ತು ನೋಡಿದಳು. ಅವಳ ಬೆರಳುಗಳ ಸಂದಿಯಲ್ಲಿ ಒಣಗಿದ ಅಂಟಿತ್ತು. ಅದನ್ನು ಕೆರೆಯುತ್ತ ಕೂತಳು.

"ಇದನ್ನ ಕಟ್ಟದೆ ರಿಜಿಸ್ಟ್ರಿ ಆಗಲ್ವಾ?"

"ಆಗಲ್ಲಮ್ಮ."

"ಕಟ್ಟಿದ್ರೆ ಯಾರ ಹಾಳೇಲಿ ಬರತ್ತೆ?"

"ಯಾರು ಕಟ್ತಾರೋ ಅವರ ಹಾಳೇಲಿ."

"ಹಾಗಿದ್ರೆ ನಂದ್ರಲ್ಲಿ ಬರೀರಿ. ಅವಳಿಗೆ ಹೋಗೋದ್ರಲ್ಲಿ ಬರಬಾರದು." ಮತ್ತೆ ಹೇಳಿದ್ದಳು: "ಅವಳ ಗಂಡ ಕುಡಿಯಲ್ಲ, ಹೊಡೆಯಲ್ಲ. ನಗಿಸ್ಕೊಂಡು ಇರ್ತಾನೆ. ಇಪ್ಪತ್ತು ವರ್ಷದಿಂದ ಅವಳು ಅವನನ್ನ ನಂಬ್ಕೊಂಡು ಸುಖವಾಗಿದಾಳೆ. ಅದು ನನ್ನ ಕೈಯಿಂದ ಒಡೀಬಾರದಮ್ಮ. ನಿಮ್ಮನ್ನ ಕೇಳ್ಕೊಳ್ತೀನಿ, ಆ ಹಾಳೆ ಅವಳ ಕಣ್ಣಿಗೆ ಬೀಳಬಾರದು."

"ಬೀಳಲ್ಲ" ಎಂದಿದ್ದರು ಫೈಲಮ್ಮ. ಮೂವತ್ತೊಂದು ವರ್ಷ ಬಿದ್ದಿರಲಿಲ್ಲ.

ಆದಾಯ ತೆರಿಗೆ ಕಟ್ಟಲು ಇನ್ನೆರಡು ದಿನ ಉಳಿದಿದ್ದಾಗ ಅಕ್ಕ ತನ್ನ ಅರ್ಧವನ್ನು ಒಯ್ಯಲು ಬಂದಳು. ಮೆಟ್ಟಿಲ ಮೇಲೆಲ್ಲ ಜನ. ಫೈಲಮ್ಮ ಗೂಡಿನಿಂದ ಕವರು ತೆಗೆದುಕೊಟ್ಟು ಮುಂದಿನವರ ಕಡೆ ತಿರುಗಿದರು. ಅಕ್ಕ ಅಲ್ಲೇ ನಿಂತು ಬಿಚ್ಚತೊಡಗಿದಳು.

"ಎಷ್ಟು ಬಿಗಿಯಾಗಿ ಅಂಟಿಸಿದೀರಮ್ಮ" ಎಂದಳು. "ಎರಡು ಮೂಲೇಲೂ ಒಂದು ಉಗುರಿನಷ್ಟು ಹಾಗೇ ಬಿಡಬೇಕು, ಬೆರಳು ತೂರೋಕೆ. ಇಲ್ದಿದ್ರೆ ಬಿಚ್ಚುವಾಗ ಹರಿಯತ್ತೆ. ನಮ್ಮಪ್ಪ ನಮ್ಮಿಬ್ಬರ ಕೈಲೂ ಸಾವಿರ ಕವರು ಮಾಡಿಸಿರಬಹುದು. ಮೂಲೆ ಬಿಡದೇ ಅಂಟಿಸಿದ್ರೆ ತಲೆ ಮೇಲೆ ಮೊಟಕೋರು."

"ನಮ್ಮ ಸಾಹೇಬರು ಮೊಟಕಲ್ಲ, ಅದಕ್ಕೇ ಕಲೀಲಿಲ್ಲ" ಎಂದು ನಕ್ಕರು ಫೈಲಮ್ಮ, ತಲೆಯೆತ್ತದೆ.

ಅಕ್ಕ ಹಾಳೆ ಹೊರಗೆಳೆದಳು. ನಗು ಅಲ್ಲಿಗೇ ನಿಂತಿತು.

"ಅಮ್ಮಾ, ಇದು ಬಲಗಡೇದು."

ಫೈಲಮ್ಮ ಕವರನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಕೊಂಡವರು. ತಮ್ಮದೇ ಕೈಬರಹ, ಗುಂಡಗೆ. ಮೂರು ದಿನದ ಹಿಂದೆ, ಪೋಸ್ಟಿಗೆ ಹೋಗಬೇಕಿದ್ದ ನಲವತ್ತು ಕವರುಗಳ ಮೇಲೆ ವಿಳಾಸದ ಚೀಟಿ ಅಂಟಿಸಿದ್ದರು. ಈ ಫೈಲಿನಲ್ಲಿ ಇಬ್ಬರಿಗೂ ಒಂದೇ ಅಪ್ಪನ ಹೆಸರು, ಒಂದೇ ಮನೆ ನಂಬರು, ಬೇರೆ ಇದ್ದದ್ದು ಈ ಒಂದು ಪದ. ತಂಗಿಯ ವಿಳಾಸದ ಚೀಟಿ ಇನ್ನೊಂದರ ಮೇಲೆ ಕೂತು ಪೋಸ್ಟಿಗೆ ಹೋಗಿತ್ತು.

"ಹಾಗಾದ್ರೆ ನಂದು?" ಎಂದಳು ಅಕ್ಕ. ಉತ್ತರ ಬರುವ ಮೊದಲೇ ಅವಳಿಗೆ ತಿಳಿದಿತ್ತು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಫೈಲಮ್ಮ ಆಮೇಲೆ ಎಷ್ಟೋ ಸಲ ಹೇಳಿದರು. ಅಕ್ಕ ತಂಗಿಯ ಹಾಳೆಯನ್ನು ಓದದೆ ಮಡಿಸಿ ಕವರಿಗೆ ಹಾಕಿ ಮೇಜಿನ ಮೇಲಿಟ್ಟಳು. "ಪೋಸ್ಟು ಇವತ್ತೇ ಬಂದಿರಬಹುದು" ಎಂದಷ್ಟೇ ಅಂದಳು.

ಬೇರೆ ಪ್ರತಿ ಮಾಡಿಕೊಡುವುದೇನೂ ಕಷ್ಟವಿರಲಿಲ್ಲ, ಹರಿಯದ ಹಾಳೆಯ ನಕಲು ಬೀರುವಿನಲ್ಲಿತ್ತು. ಆದರೆ ಓದಿದ್ದನ್ನು ಓದದ ಹಾಗೆ ಮಾಡುವ ಪ್ರತಿ ಯಾವ ಬೀರುವಿನಲ್ಲೂ ಇಲ್ಲ. ಫೈಲಮ್ಮ ತಂಗಿಯ ಹಾಳೆಗೆ ಹೊಸ ಕವರು ಹಾಕಿ ಚೀಲದಲ್ಲಿಟ್ಟುಕೊಂಡರು. "ನಾಳೆ ಬೆಳಿಗ್ಗೆ ಬನ್ನಿ. ತಂದಿಟ್ಟಿರ್ತೀನಿ" ಎಂದು ಅಕ್ಕನಿಗೆ ಹೇಳಿ, ಸಾಲಿನಲ್ಲಿ ನಿಂತವರನ್ನು ಚಿಕ್ಕ ಸಾಹೇಬನಿಗೆ ಒಪ್ಪಿಸಿ, ಮಧ್ಯಾಹ್ನವೇ ಮೆಟ್ಟಿಲಿಳಿದರು. ಅವನು, "ಫೋನಲ್ಲಿ ಕಳಿಸಿದ್ರೆ ಇದೆಲ್ಲ" ಎಂದು ಶುರುಮಾಡಿದ್ದನ್ನು ಅವರು ಪೂರ್ತಿ ಕೇಳಿಸಿಕೊಳ್ಳಲಿಲ್ಲ.

ಎರಡು ಬಸ್ಸು ಬದಲಾಯಿಸಬೇಕು. ಎರಡನೆಯದರಲ್ಲಿ ಸೀಟು ಸಿಗಲಿಲ್ಲ. ಕಂಬ ಹಿಡಿದು ನಿಂತು, ಆ ಕವರು ಇನ್ನೂ ಬಂದಿರದಿರಲಿ, ಬಂದಿದ್ದರೆ ಒಡೆದಿರದಿರಲಿ ಎಂದು ದೇವರನ್ನು ಕೇಳಿಕೊಂಡರಂತೆ. ಆಗಿಹೋಗಿರುವುದಕ್ಕೆ ಹೀಗೆ ಕೇಳಿಕೊಳ್ಳಬಹುದೇ ಎಂದು ನನ್ನನ್ನು ಕೇಳಿದರು. ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಬಾಗಿಲು ತೆರೆದವನು ತಂಗಿಯ ಗಂಡ. ಬನಿಯನ್ನಿನ ಮೇಲೆ ಟವೆಲು ಹೊದ್ದಿದ್ದ, ಮುಖ ತುಂಬ ನಗು. "ಬನ್ನಿ ಬನ್ನಿ, ಕೂತ್ಕೊಳ್ಳಿ. ಮನೇನ ವಾಪಸ್ ತಗೊಳ್ಳೋಕೆ ಬಂದಿಲ್ಲ ತಾನೇ?"

ಫೈಲಮ್ಮ ಕುರ್ಚಿಯ ಅಂಚಿಗೆ ಕೂತು, ಕವರು ಅದಲು ಬದಲಾಗಿದೆ ಎಂದರು. ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಅಂದು ಅವಳಿಗೆ ಅಂಗಡಿ ರಜೆ. "ಹೌದು, ಒಂದು ಬಂದಿದೆ" ಎಂದು ಒಳಗೆ ಹೋದಳು. ತುಸು ಹೊತ್ತು ಹೊರಗೆ ಬರಲಿಲ್ಲ.

ಗಂಡ ಮಾತಿಗೆ ಕೂತ. "ಕಾಗದ ಪತ್ರ ಎಲ್ಲ ಈ ಮನೇಲಿ ನನ್ನ ಡಿಪಾರ್ಟ್‌ಮೆಂಟು ನೋಡಿ. ಇವಳಿಗೆ ಅದೆಲ್ಲ ತಲೆನೋವು. ಇವತ್ತು ನಾನು ಪೇಟೆಗೆ ಹೋಗಿದ್ದೆ, ಅಷ್ಟರಲ್ಲಿ ಪೋಸ್ಟು ಬಂದಿದೆ. ಬಂದು ನೋಡಿದ್ರೆ ಇವಳು ಒಲೆ ಮುಂದೆ ಮೈದಾ ಕಾಯಿಸ್ತಿದಾಳೆ. ಏನೇ ಇದು, ಊಟಕ್ಕಾ ಅಂದೆ. ಹಳೇ ಫೋಟೋ ಆಲ್ಬಮ್ ಬಿಟ್ಕೊಂಡಿದೆ, ಅಂಟಿಸ್ತೀನಿ ಅಂದ್ಲು. ಅಪ್ಪನ ಬುದ್ಧಿ ಎಲ್ಲಿ ಹೋಗತ್ತೆ."

ಫೈಲಮ್ಮ ಹೂಂ ಅಂದರು. ಮನೆಯಲ್ಲಿ ಬೆಂದ ಹಿಟ್ಟಿನ ವಾಸನೆಯಿತ್ತು. ಮೇಜಿನ ಮೇಲಾಗಲಿ, ಕಪಾಟಿನ ಮೇಲಾಗಲಿ, ಆಲ್ಬಮ್ ಎಲ್ಲೂ ಇರಲಿಲ್ಲ.

ತಂಗಿ ಕವರು ತಂದಳು. "ಒಡೆದಿಲ್ಲ" ಎಂದಳು. "ಮೇಲೆ ಕೊಟ್ಟವರು ಅಂತಿತ್ತು, ನಮ್ದಲ್ಲ ಅನ್ನಿಸ್ತು, ಹಾಗೇ ಇಟ್ಟೆ."

ಕೈಗೆ ತೆಗೆದುಕೊಂಡಾಗ ಫೈಲಮ್ಮನ ಹೆಬ್ಬೆರಳಿಗೆ ಅಂಚು ತಣ್ಣಗೆ ತಾಗಿತು. ಆಫೀಸಿನ ಬಾಟಲಿ ಗೋಂದು ಒಣಗಿದರೆ ಹಳದಿ ಗೆರೆ ಕಾಣುತ್ತದೆ. ಇದರಲ್ಲಿ ಗೆರೆಯಿಲ್ಲ, ಸುಕ್ಕಿಲ್ಲ. ಎರಡು ಮೂಲೆಗಳಲ್ಲೂ ಉಗುರಿನಷ್ಟು ಬಿಟ್ಟಿತ್ತು. ಅವರು ತಲೆಯೆತ್ತಿದರು. ತಂಗಿ ಅವರನ್ನೇ ನೋಡುತ್ತಿದ್ದಳು.

"ನಿಮ್ಮ ಎಡಗಣ್ಣು ಮಸುಕಾಗಿದೆ ಅಲ್ವಾ?" ಎಂದಳು. "ತಲೆ ಓರೆ ಮಾಡಿ ನೋಡ್ತೀರಿ. ಪೊರೆ ಇರಬೇಕು. ಬೇಗ ತೋರಿಸ್ಕೊಳ್ಳಿ."

"ತಪ್ಪು ನಂದೇ ಕಣಮ್ಮ" ಎಂದರು ಫೈಲಮ್ಮ.

"ಕಣ್ಣಿದ್ದವರೂ ಏನು ನೋಡಿರ್ತಾರೆ ಬಿಡಿ." ತಂಗಿ ಒಂದು ಲೋಟ ನೀರು ತಂದುಕೊಟ್ಟು, ತನ್ನ ಕವರು ತೆಗೆದುಕೊಂಡಳು. ಆಮೇಲೆ ಗಂಡನ ಕಡೆ ತಿರುಗಿ, ಮಾರ್ಕೆಟ್ಟಿನ ವಿಷಯ ಹೇಳುವ ಹಾಗೆ, "ರೀ, ಈ ವರ್ಷ ಮನೆ ತೆರಿಗೆ ನಾನೇ ಹೋಗಿ ಕಟ್ಟಿ ಬರ್ತೀನಿ" ಎಂದಳು.

"ಯಾಕೆ, ನಾನಿಲ್ವಾ?"

"ಇದೀರಿ. ನಂಗೂ ಆ ಕಚೇರಿ ಹೇಗಿದೆ ಅಂತ ನೋಡಿದ ಹಾಗಾಗತ್ತೆ."

ಅವನು ಟವೆಲಿನ ತುದಿಯಿಂದ ಕತ್ತು ಒರೆಸಿಕೊಂಡ. ಫೈಲಮ್ಮ ನೀರು ಕುಡಿದು ಲೋಟ ಕೆಳಗಿಟ್ಟು ಹೊರಟರು.

ಅಂದು ಸಂಜೆ ಅವರು ಬೆತ್ತದ ಸ್ಟೂಲಿನ ಮೇಲೆ ಹತ್ತು ನಿಮಿಷವಲ್ಲ, ಅರ್ಧ ಗಂಟೆ ಕೂತರು. ನನ್ನನ್ನು ಕರೆದಾಗ ಬಕೆಟ್ಟಿನ ನೀರು ಆರಿಹೋಗಿತ್ತು. ಮಡಿಲಲ್ಲಿ ಆ ಕವರಿತ್ತು, ಪಕ್ಕದಲ್ಲಿ ಆಫೀಸಿನಿಂದ ತಂದಿದ್ದ ಹೊಸ ಕವರು, ಗೋಂದಿನ ಬಾಟಲಿ. ನಡೆದದ್ದನ್ನೆಲ್ಲ ಹೇಳಿದರು.

"ಇದನ್ನ ಬಿಚ್ಚಿ ಹೊಸದರೊಳಗೆ ಹಾಕಿಬಿಟ್ರೆ ಅಕ್ಕನಿಗೆ ಗೊತ್ತೇ ಆಗಲ್ಲ" ಎಂದರು. "ತಂಗಿ ಬಾಯಿ ಬಿಡಲ್ಲ, ಅದು ಅವಳ ಮುಖ ನೋಡಿದ್ರೇ ಗೊತ್ತು. ನಾನೂ ಬಿಡಲ್ಲ. ಅಕ್ಕ ಕಟ್ಟಿದ್ದಕ್ಕಾದ್ರೂ ಒಂದು ಬೆಲೆ ಉಳಿಯತ್ತೆ."

ಅವರ ಗಂಡ ಒಳಗಿನಿಂದ, "ನಿನ್ನ ಮೂವತ್ತೊಂದು ವರ್ಷದ ಹೆಸರೂ ಉಳಿಯತ್ತೆ" ಎಂದರು. ಚುಚ್ಚಲು ಹೇಳಿದ್ದೋ, ಸಮಾಧಾನಕ್ಕೆ ಹೇಳಿದ್ದೋ, ಅವರ ಧ್ವನಿಯಿಂದ ಎಂದೂ ತಿಳಿಯುತ್ತಿರಲಿಲ್ಲ.

ಫೈಲಮ್ಮ ಗೋಂದಿನ ಮುಚ್ಚಳ ತಿರುಗಿಸಿದರು. ಮತ್ತೆ ಮುಚ್ಚಿದರು. "ಈಗಾಗಲೇ ಒಂದು ಸಲ ಯಾರದ್ದೋ ಕೈಗೆ ಹೋಗಿದೆ. ಈಗ ನಾನೂ ಒಡೆದರೆ, ಅವಳಿಗೂ ನನಗೂ ಏನು ವ್ಯತ್ಯಾಸ? ಅವಳಾದ್ರೂ ತನ್ನ ಹೆಸರಿಗೆ ಬಂದದ್ದು ಅಂತ ಒಡೆದಳು" ಎಂದರು. ಕವರನ್ನು ಹಾಗೇ ಚೀಲದಲ್ಲಿಟ್ಟರು. ಕಾಲೊರೆಸಿಕೊಳ್ಳಲು ಬಗ್ಗುವುದಕ್ಕೂ ಅವರಿಗೆ ಆಗಲಿಲ್ಲ, ನಾನೇ ಒರೆಸಿ ನೀರು ಚೆಲ್ಲಿಬಂದೆ.

ಮರುದಿನ ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆಯುವ ಮೊದಲೇ ಅಕ್ಕ ಕೊನೆಯ ಮೆಟ್ಟಿಲ ಮೇಲೆ ಕೂತಿದ್ದಳು. ನಿದ್ದೆಗೆಟ್ಟ ಕಣ್ಣು. ಅವಳ ಹಿಂದೆ ಆಗಲೇ ಹತ್ತು ಹದಿನೈದು ಜನ. ಫೈಲಮ್ಮ ಅವಳನ್ನು ಒಳಗೆ ಕರೆದು, ಕವರನ್ನು ಕೈಗೆ ಕೊಟ್ಟರು.

"ಅವಳು ನೋಡಿದ್ಲಾ?"

"ನನಗೆ ಕೊಟ್ಟಾಗ ಕವರು ಅಂಟಿಸಿಯೇ ಇತ್ತು" ಎಂದರು ಫೈಲಮ್ಮ.

ಇದು ಸುಳ್ಳಲ್ಲ. ನಿಜವೂ ಅಲ್ಲವೆಂದು ಅವರಿಗೆ ಗೊತ್ತಿತ್ತು. ಇಂಥ ಮಾತುಗಳನ್ನು ದೇವರು ಯಾವ ಕಡೆಗೆ ಬರೆದುಕೊಳ್ಳುತ್ತಾನೋ, ಎಡಗಡೆಗೋ ಬಲಗಡೆಗೋ, ಅವನಿಗೇ ಬಿಟ್ಟದ್ದು.

ಅಕ್ಕ ಉಸಿರುಬಿಟ್ಟು, ಕವರನ್ನು ಬಿಚ್ಚಲು ತಿರುಗಿಸಿದಳು. ಅವಳ ಬೆರಳು ಅಭ್ಯಾಸದಿಂದ ನೇರ ಮೂಲೆಗೆ ಹೋಯಿತು, ಅಲ್ಲಿ ಜಾಗವಿತ್ತು, ಒಳಗೆ ತೂರಿತು. ಅಲ್ಲೇ ನಿಂತಿತು. ಅವಳು ಕವರನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮಡಿಕೆಯ ಮೇಲೆ ಹೆಬ್ಬೆರಳಿನಿಂದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರಿದಳು, ಅಂಗಡಿಯಲ್ಲಿ ಹೊಸ ಬೈಂಡನ್ನು ನೋಡುವ ಹಾಗೆ. ಮೂಗಿನ ಹತ್ತಿರ ಒಯ್ದಳು.

ಹೊರಗೆ ಯಾರೋ, "ಎಷ್ಟು ಹೊತ್ತಮ್ಮ" ಎಂದರು. ಫೈಲಮ್ಮ ಬೈಗುಳಕ್ಕೆ ಕಾಯುತ್ತ ಮೇಜಿಗೆ ಆತುಕೊಂಡು ನಿಂತರು.

"ಅಂಟು ಗಟ್ಟಿ ಆಗಿದೆ" ಎಂದಳು ಅಕ್ಕ.

"ಏನಮ್ಮ?"

"ಮೈದಾ ಜಾಸ್ತಿ ಹಾಕಿದಾಳೆ, ನೀರು ಕಮ್ಮಿ. ಚಿಕ್ಕಂದಿನಿಂದಲೂ ಹೀಗೇ. ಅಪ್ಪ ಎಷ್ಟು ಮೊಟಕಿದ್ರೂ ಕಲೀಲಿಲ್ಲ. ಮೂಲೆ ಬಿಡೋದು ಮಾತ್ರ ಮರೆತಿಲ್ಲ." ಅವಳ ಕಣ್ಣು ತುಂಬಿತ್ತು, ಧ್ವನಿ ಮಾತ್ರ ಅಂಗಡಿಯಲ್ಲಿ ಕೆಲಸದವರ ತಪ್ಪು ತೋರಿಸುವ ಧ್ವನಿಯಾಗಿತ್ತು. "ನನ್ನ ಕೈಗೇ ಬರತ್ತೆ ಅಂತ ಗೊತ್ತಿದ್ದೂ ಹೀಗೆ ಅಂಟಿಸಿದಾಳಲ್ಲ. ಬಜಾರಲ್ಲಿ ಗೋಂದು ಸಿಗ್ತಿರಲಿಲ್ವಾ ಅವಳಿಗೆ?"

ಅದು ಅಕ್ಕನಿಗೇ ಹೇಳಿಕಳಿಸಿದ ಮಾತಿರಬಹುದೆಂದು ಫೈಲಮ್ಮನಿಗೆ ಹೊಳೆದಿರಲಿಲ್ಲ. ಮುಚ್ಚಿಡಲು ಮಾಡಿದ ಅಂಟೆಂದೇ ಅವರು ತಿಳಿದಿದ್ದರು.

ಅಕ್ಕ ಹರಿಯದಂತೆ ಕವರು ಬಿಚ್ಚಿ, ಹಾಳೆಯನ್ನು ತೆರಿಗೆಯ ಫಾರಮ್ಮಿಗೆ ಪಿನ್ನು ಮಾಡಿ, ತೋರಿಸಿದ ಜಾಗದಲ್ಲೆಲ್ಲ ಸಹಿ ಹಾಕಿದಳು. ಖಾಲಿ ಕವರನ್ನು ಬಿಸಾಡಲಿಲ್ಲ, ಮಡಿಸಿ ಚೀಲದಲ್ಲಿಟ್ಟುಕೊಂಡಳು.

"ನಾನು ಮಾತು ಉಳಿಸ್ಕೊಳ್ಳಲಿಲ್ಲ ನೋಡಿ" ಎಂದರು ಫೈಲಮ್ಮ.

"ಇಲ್ಲ" ಎಂದಳು ಅಕ್ಕ. ಅಷ್ಟೇ. ಪರವಾಗಿಲ್ಲ ಎಂದು ಸೇರಿಸಲಿಲ್ಲ. ಬಾಗಿಲ ತನಕ ಹೋಗಿ ನಿಂತು, "ಅಂಟಿನ ವಿಷಯ ಅವಳಿಗೆ ಹೇಳ್ಬೇಕು" ಎಂದಳು. ಆಮೇಲೆ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು.

ಹೇಳಿದಳೋ, ಹೇಳಲು ಹೋದಳೋ, ಹೋದಾಗ ಆ ನಗಿಸುವ ಗಂಡ ಎಲ್ಲಿದ್ದನೋ, ಫೈಲಮ್ಮನಿಗೆ ಗೊತ್ತಿಲ್ಲ. ಅವರ ಆಫೀಸಿಗೆ ಬರುವವರು ಕಾಗದ ಸಿಕ್ಕಿದ ಮೇಲೆ ಮತ್ತೆ ಬರುವುದಿಲ್ಲ. ಮುಂದಿನ ತಿಂಗಳು ಅವರ ಕಣ್ಣಿನ ಆಪರೇಷನ್ ಆಯಿತು, ಎಂಟು ತಿಂಗಳಿಗೆ ಕೆಲಸವೂ ಮುಗಿಯಿತು. ಈಗಲೂ ಕೆಲವು ಸಂಜೆ ಗೋಡೆಯಾಚೆಯಿಂದ ಕರೆದು, "ಆ ಅಕ್ಕ ತಂಗಿ ಏನಾದ್ರೋ" ಎನ್ನುತ್ತಾರೆ. ನಾನು ಪ್ರಾರ್ಥನೆಗೆ ಕೂತಾಗ ಹೆಸರು ಗೊತ್ತಿಲ್ಲದ ಆ ಇಬ್ಬರನ್ನೂ ಸೇರಿಸಿಕೊಳ್ಳುತ್ತೇನೆ.

ಆದರೆ ಆ ಬೆಳಿಗ್ಗೆ ಯೋಚಿಸುವುದಕ್ಕೂ ಹೊತ್ತಿರಲಿಲ್ಲ. ಕೊನೆಯ ದಿನ, ಮೆಟ್ಟಿಲ ತುಂಬ ಜನ. ಫೈಲಮ್ಮ ಆ ಫೈಲಿಗೆ ದಾರ ಬಿಗಿದು ಮೇಲಿನ ಗೂಡಿಗೆ ತಳ್ಳಿದರು, ಕುರ್ಚಿಗೆ ಕೂತು ಕನ್ನಡಕ ಒರೆಸಿಕೊಂಡರು, ತಲೆ ಓರೆ ಮಾಡಿ ಬಾಗಿಲ ಕಡೆ ನೋಡಿದರು.

"ಮುಂದಿನವರು ಬನ್ನಿ. ನೀವು ಕೊಟ್ಟವರಾ, ಕೊಂಡವರಾ? ಸ್ವಲ್ಪ ಬಿಡಿಸಿ ಹೇಳಿ."